ಮೊಣಕಾಲುದ್ದದ ನೀರನ್ನು ನಂಬಬೇಡಿ

ನಮಸ್ಕಾರ. ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್ ರಾಜ್ಯಗಳ ಕಡೆ ನೆಲೆಸಿರುವ ಕನ್ನಡದ ಕುಟುಂಬಗಳು ಬೇಸಿಗೆಯಲ್ಲಿ ಪಾಂಟೂನ್ ದೋಣಿಯನ್ನು ಬಾಡಿಗೆಗೆ ಪಡೆದು ಮಿಸಿಸಿಪ್ಪಿ ನದಿಗೆ ಇಳಿಯುವುದುಂಟು. ಅಲ್ಯೂಮಿನಿಯಂ ಕೊಳವೆಗಳ ಮೇಲೆ ಕೂರಿಸಿದ ಚಪ್ಪಟೆ ಅಟ್ಟಣೆ, ಸುತ್ತಲೂ ಕಟಕಟೆ, ಒಳಗೆ ಸೋಫಾಗಳು ಇರುವುದರಿಂದ, ಹತ್ತಿದವರಿಗೆ ಅದು ದೋಣಿಗಿಂತ ಮನೆಯ ಜಗಲಿಯಂತೆ ಕಾಣುತ್ತದೆ. ನೀರೂ ಆಳವಿಲ್ಲದಿದ್ದರೆ, 'ಮೊಣಕಾಲುದ್ದ ನೀರು, ಏನಾದೀತು' ಎಂಬ ಮಾತು ಬಂದೇ ಬರುತ್ತದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ನದಿಯಲ್ಲಿ ಈ ದೋಣಿಗೆ ಆಳವಾದ ನೀರಿಗಿಂತ ತೆಳುನೀರೇ ಹೆಚ್ಚು ಅಪಾಯಕಾರಿ.

ಮಿನೆಸೋಟದ ರಾಜಧಾನಿ ಸೇಂಟ್ ಪಾಲ್‌ನಿಂದ ಕೆಳಗೆ, ದಡದಿಂದ ನಡುನದಿಯತ್ತ ಚಾಚಿಕೊಂಡ ಕಲ್ಲಿನ ಒಡ್ಡುಗಳಿವೆ. ಅಲ್ಲಿನವರು ಅವನ್ನು ವಿಂಗ್ ಡ್ಯಾಮ್ ಎನ್ನುತ್ತಾರೆ. ಹರಿವನ್ನು ಒಂದೆಡೆಗೆ ಒತ್ತರಿಸಿದರೆ ಹಡಗಿಗೆ ಬೇಕಾದ ಆಳವನ್ನು ನದಿಯೇ ಕೊರೆದುಕೊಳ್ಳುತ್ತದೆ ಎಂಬ ಲೆಕ್ಕದಲ್ಲಿ, 19ನೇ ಶತಮಾನದ ಕೊನೆಯ ದಶಕಗಳಿಂದ ಅವನ್ನು ಕಟ್ಟಲಾಯಿತು. ಒಂಬತ್ತು ಅಡಿ ಆಳದ ಜಲಮಾರ್ಗಕ್ಕೆ 1930ರಲ್ಲಿ ಒಪ್ಪಿಗೆ ದೊರೆತ ಬಳಿಕ ಅಣೆಕಟ್ಟೆಗಳು ಎದ್ದು, ನೀರು ಏರಿ, ಒಡ್ಡುಗಳಲ್ಲಿ ಹೆಚ್ಚಿನವು ಮುಳುಗಿದವು. ಈಗ ಕಣ್ಣಿಗೆ ಕಾಣುವುದು, ದಡದಿಂದ ಅಡ್ಡಲಾಗಿ ಹಾದುಬರುವ ಸಣ್ಣ ಅಲೆಗಳ ಒಂದು ಸಾಲು ಮಾತ್ರ. ಗಾಳಿ ಬೀಸಿದರೆ ಅದೂ ಕಾಣದು. ಆದ್ದರಿಂದ ಜಲಮಾರ್ಗದ ಎರಡೂ ಅಂಚುಗಳನ್ನು ತೋರಿಸಲು ತೇಲಿಬಿಟ್ಟ ಕೆಂಪು, ಹಸಿರು ಗುರುತುಗಳಾದ ಬುಯ್‌ಗಳ ನಡುವೆಯೇ ಸಾಗಬೇಕು: ಪ್ರವಾಹಕ್ಕೆ ಎದುರಾಗಿ ಹೋಗುವಾಗ ಕೆಂಪು ಬಲಕ್ಕೆ, ಹಸಿರು ಎಡಕ್ಕೆ, ಹಿಂದಿರುಗುವಾಗ ಇದು ಅದಲುಬದಲಾಗುತ್ತದೆ. ಒಡ್ಡುಗಳ ಜಾಗವನ್ನು ಗುರುತಿಸಿದ ನಕಾಶೆಯನ್ನು ಅಮೆರಿಕದ ಸೇನಾ ಎಂಜಿನಿಯರುಗಳ ದಳವೇ ಪ್ರಕಟಿಸುತ್ತದೆ. ಬಾಡಿಗೆಯ ಕಾಗದಕ್ಕೆ ಸಹಿ ಹಾಕುವ ಮುನ್ನ ಅದನ್ನು ಕೇಳಿ ನೋಡಿ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ದೋಣಿಯ ಮೂತಿ. ಮುಂದಿನ ಗೇಟು ತೆರೆದು, ಕಟಕಟೆಯ ಹೊರಗೆ ಕುಳಿತು, ಕಾಲನ್ನು ನೀರಿಗೆ ಇಳಿಬಿಡುವುದು ಮಕ್ಕಳಿಗೆ ಬಲು ಇಷ್ಟ. ಕೊಳವೆ ಮರಳದಿಬ್ಬಕ್ಕೋ ಕಲ್ಲಿಗೋ ತಗುಲಿದೊಡನೆ ದೋಣಿಯ ವೇಗ ಒಮ್ಮೆಲೆ ಕುಗ್ಗುತ್ತದೆ, ಆದರೆ ಕುಳಿತ ಮಗುವಿನದು ಕುಗ್ಗುವುದಿಲ್ಲ. ಮುಂದಕ್ಕೆ ಬಿದ್ದ ಮಗುವಿನ ಮೇಲೆ ದೋಣಿ ಹಾಯುತ್ತದೆ, ಆ ಕೊಳವೆಗಳ ನಡುವಿನ ದಾರಿಯ ಕೊನೆಯಲ್ಲಿ ಪ್ರೊಪೆಲ್ಲರ್ ತಿರುಗುತ್ತಿರುತ್ತದೆ. ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಗೇಟು ಮುಚ್ಚಿರಬೇಕು, ಎಲ್ಲರೂ ಕಟಕಟೆಯ ಒಳಗಿರಬೇಕು. ಇದರಲ್ಲಿ ರಿಯಾಯಿತಿ ಸಲ್ಲದು. ದೋಣಿ ಚಲಿಸುವಾಗ 10 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ತೊಡಲೇಬೇಕೆಂದು ಮಿನೆಸೋಟದ ಕಾನೂನು ಹೇಳುತ್ತದೆ, ಆದರೆ ಈಜು ಬಾರದ ಅಜ್ಜ ಅಜ್ಜಿಯರಿಗೂ ಅದೇ ನಿಯಮವಿರಲಿ ಎನ್ನುತ್ತೇನೆ.

ತೆಳುನೀರು ಬಂತೆಂದರೆ ವೇಗ ತಗ್ಗಿಸಿ, ಎಂಜಿನ್ನನ್ನು ತುಸು ಮೇಲಕ್ಕೆತ್ತಬೇಕು. ಆದರೆ ತಂಪುನೀರು ಹೀರುವ ಕಿಂಡಿ ಮುಳುಗಿಯೇ ಇರಬೇಕು. ನದಿಯ ತಿರುವಿನಲ್ಲಿ ಸಾಮಾನ್ಯವಾಗಿ ಹೊರಬದಿ ಆಳ, ಒಳಬದಿ ಮರಳು.

ಇಷ್ಟಾಗಿಯೂ ದೋಣಿ ಮರಳಿಗೆ ಸಿಕ್ಕಿಕೊಂಡರೆ ಹಿಂದಕ್ಕೆ ಜೋರಾಗಿ ಓಡಿಸಬೇಡಿ. ಎದ್ದ ಮರಳನ್ನು ಎಂಜಿನ್ನಿನ ಪಂಪು ಹೀರಿ ಕೆಡುತ್ತದೆ. ಎಂಜಿನ್ ನಿಲ್ಲಿಸಿ, ಮೇಲಕ್ಕೆತ್ತಿ, ಜನರನ್ನು ಆಳವಿರುವ ಕಡೆಗೆ ಸರಿಸಿ, ಗಳುವಿನಿಂದ ತಳ್ಳಿ ನೋಡಿ. ಇಳಿದೇ ತಳ್ಳಬೇಕಾದರೆ ಲೈಫ್ ಜಾಕೆಟ್ ತೊಟ್ಟ ದೊಡ್ಡವರೊಬ್ಬರು ಗಳುವಿನಿಂದ ಆಳ ನೋಡಿಕೊಂಡೇ ಇಳಿಯಲಿ, ಏಕೆಂದರೆ ಮರಳದಿಬ್ಬದ ಅಂಚಿನಲ್ಲಿ ನೆಲ ಒಮ್ಮೆಲೆ ಆಳಕ್ಕೆ ಜಾರುತ್ತದೆ. ಅವರು ಮತ್ತೆ ಮೇಲೇರುವವರೆಗೂ ಎಂಜಿನ್ನಿನ ಕೀಲಿ ಅವರ ಜೇಬಿನಲ್ಲೇ ಇರಲಿ.