ರಾತ್ರಿ ಎರಡೂವರೆಯ ಅಲರ್ಟು, ಗೋಡೆಯ ಹಳೇ ಗಡಿಯಾರ

ಎಲ್ಲರಿಗೂ ನಮಸ್ಕಾರ. ಟೆಕ್ ಕೆಲಸದಲ್ಲಿರೋರ ದಿನನಿತ್ಯದ ಕಿರಿಕಿರಿ ಮತ್ತೆ ಹವ್ಯಾಸದ ಬಗ್ಗೆ ಮಾತಾಡಿ ಅಂದ್ರು. ಇಲ್ಲಿ ಕೂತಿರೋರಲ್ಲಿ ಎಷ್ಟೋ ಜನ ಇದೇ ಕೆಲಸದವರು, ಹಾಗಾಗಿ ಮೀಟಿಂಗ್ ಮೇಲೆ ಮೀಟಿಂಗು, ಎಕ್ಸ್‌ಪೈರ್ ಆದ ಪಾಸ್‌ವರ್ಡು, ನನ್ನ ಮಷೀನಲ್ಲಿ ಸರಿಯಾಗೇ ಓಡ್ತಿದೆ ಅನ್ನೋ ಉತ್ತರ, ಇವನ್ನೆಲ್ಲ ನಾನು ಬಿಡಿಸಿ ಹೇಳೋ ಅಗತ್ಯ ಇಲ್ಲ. ಒಂದೇ ಕಿರಿಕಿರಿ ಹಿಡ್ಕೊಂಡು ಮಾತಾಡ್ತೀನಿ. ಕಂಪ್ಯೂಟರ್ ಒಳಗಿನ ಟೈಮು.

ಹೊರಗಿನವರಿಗೆ ಇದನ್ನ ಅರ್ಥ ಮಾಡ್ಸೋದು ಕಷ್ಟ. ದಿನಕ್ಕೆ 24 ಗಂಟೆ, ನಿಮಿಷಕ್ಕೆ 60 ಸೆಕೆಂಡು, ಅದ್ರಲ್ಲೇನಿದೆ ಅಂತಾರೆ. ಆದ್ರೆ ಡೇಲೈಟ್ ಸೇವಿಂಗ್, ಅಂದ್ರೆ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಟ್ಟು ಆಮೇಲೆ ಹಿಂದಕ್ಕಿಡೋ ಪದ್ಧತಿ ಇರೋ ದೇಶಗಳಲ್ಲಿ ವರ್ಷದಲ್ಲಿ ಒಂದು ದಿನಕ್ಕೆ 23 ಗಂಟೆ, ಇನ್ನೊಂದು ದಿನಕ್ಕೆ 25 ಗಂಟೆ. ನೇಪಾಳದ ಟೈಮು ಯುಟಿಸಿಗಿಂತ, ಅಂದ್ರೆ ಇಡೀ ಜಗತ್ತು ಆಧಾರವಾಗಿ ಇಟ್ಕೊಂಡಿರೋ ಟೈಮಿಗಿಂತ, 5 ಗಂಟೆ 45 ನಿಮಿಷ ಮುಂದೆ. ಸಮೋವಾ 2011ರಲ್ಲಿ ಡಿಸೆಂಬರ್ 30ನೇ ತಾರೀಕನ್ನೇ ಬಿಟ್ಟು 29ರಿಂದ ಸೀದಾ 31ಕ್ಕೆ ಹೋಯ್ತು. 2012ರ ಜೂನ್ 30ಕ್ಕೆ ಭೂಮಿ ತಿರುಗೋದಕ್ಕೆ ಗಡಿಯಾರ ಹೊಂದಿಸೋಕೆ ಒಂದು ಲೀಪ್ ಸೆಕೆಂಡ್ ಸೇರಿಸಿದ್ರು, ಒಂದೇ ಒಂದು ಸೆಕೆಂಡು, ಅಷ್ಟಕ್ಕೇ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಇರೋ ಎಷ್ಟೋ ಸರ್ವರ್‌ಗಳಲ್ಲಿ ಸಿಪಿಯು ಬಳಕೆ ಮೇಲೇರಿ ಅಲ್ಲೇ ನಿಂತ್ಬಿಡ್ತು. ಸಿಸ್ಟಮ್ ತಾರೀಕನ್ನ ಇದ್ದಿದ್ದನ್ನೇ ಇನ್ನೊಂದ್ಸಲ ಸೆಟ್ ಮಾಡಿದ್ರೆ ಸರಿ ಹೋಗ್ತಿತ್ತು. ಇನ್ನು 32 ಬಿಟ್‌ನಲ್ಲಿ, ಅಂದ್ರೆ ಒಂದು ಮಿತಿಯೊಳಗಿನ ಸಂಖ್ಯೆಯಲ್ಲಿ, ಸೆಕೆಂಡ್ ಎಣಿಸೋ ಹಳೇ ಸಿಸ್ಟಮ್‌ಗಳಿಗೆ 2038ರ ಜನವರಿ 19, ಯುಟಿಸಿ ಪ್ರಕಾರ ಬೆಳಗಿನ ಜಾವ 3 ಗಂಟೆ 14 ನಿಮಿಷ 7 ಸೆಕೆಂಡಿಗೆ ಲೆಕ್ಕವೇ ಮುಗಿಯತ್ತೆ.

ನನಗಾಗಿದ್ದು ಇಷ್ಟು ದೊಡ್ಡದೇನಲ್ಲ. ನಾನು ಮುಂಚೆ ಇದ್ದ ಒಂದು ಕಂಪನಿಯಲ್ಲಿ ದಿನಾ ರಾತ್ರಿ ಎರಡೂವರೆಗೆ ಒಂದು ರಿಪೋರ್ಟ್ ಓಡ್ತಿತ್ತು, ಒಂದ್ ರಾತ್ರಿ ಅಲರ್ಟ್ ಬಂತು, ಆನ್‌ಕಾಲ್ ನಂದೇ, ಅಂದ್ರೆ ಆ ರಾತ್ರಿ ತೊಂದರೆ ಬಂದ್ರೆ ನೋಡೋ ಪಾಳಿ ನಂದು, ಎದ್ದು ಲ್ಯಾಪ್‌ಟಾಪ್ ತೆಗೆದ್ರೆ ಒಂದು ಗಂಟೆಯ ಡೇಟಾನೇ ಇಲ್ಲ. ನಾಲ್ಕು ಜನ ಕಾಲ್‌ಗೆ ಬಂದ್ವಿ. ಒಬ್ರು ಟೈಮ್‌ಔಟ್ ಹೆಚ್ಚಿಸಿದ್ರು, ಒಬ್ರು ಸರ್ವಿಸ್ ರೀಸ್ಟಾರ್ಟ್ ಮಾಡಿದ್ರು, ನಾನು ಕ್ವೆರಿ ಬದಲಾಯಿಸ್ದೆ, ಇನ್ನೊಬ್ರು ಕ್ಯಾಶ್ ಖಾಲಿ ಮಾಡಿದ್ರು, ಎಲ್ಲಾ ಹತ್ತು ನಿಮಿಷದ ಒಳಗೆ. ಸರಿ ಹೋಯ್ತು. ಯಾವುದರಿಂದ ಸರಿ ಹೋಯ್ತು ಅಂತ ಬೆಳಿಗ್ಗೆ ಕೇಳಿದ್ರೆ ಯಾರ ಹತ್ರಾನೂ ಉತ್ತರ ಇಲ್ಲ, ಮೂರು ವಾರಕ್ಕೆ ಅದೇ ಅಲರ್ಟು ಮತ್ತೆ ಬಂತು. ನಿದ್ದೆ ಕೆಟ್ಟಿದ್ದಕ್ಕಿಂತ ನನ್ನನ್ನ ಹೆಚ್ಚು ಕೊರೆದಿದ್ದು ಅದೇ, ನಾವೇ ಕಟ್ಟಿದ್ದು ನಮಗೇ ಅರ್ಥ ಆಗ್ದೆ ಇರೋದು.

ಆ ದಿನಗಳಲ್ಲೇ ನಂಗೊಂದು ಹಳೇ ಪೆಂಡ್ಯುಲಮ್ ಗೋಡೆ ಗಡಿಯಾರ ಸಿಕ್ತು, ನಿಂತು ಹೋಗಿತ್ತು. ನಮ್ಮ ಫೀಲ್ಡಲ್ಲಿ ಹವ್ಯಾಸ ಅಂದ್ರೂ ಮನೇಲಿ ಕೂತು ಕೋಡೇ ಬರೀಬೇಕು, ಸೈಡ್ ಪ್ರಾಜೆಕ್ಟ್ ಇಲ್ದಿದ್ರೆ ಆಸಕ್ತಿನೇ ಇಲ್ಲ ಅಂದ್ಕೊಳ್ಳೋರಿದಾರೆ. ಲಿನಕ್ಸ್ ಶುರು ಮಾಡಿದ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಅದರ ಬಗ್ಗೆ ಮೊದಲು ಬರೆದಾಗ ಇದು ಬರೀ ಹವ್ಯಾಸ ಅಂತಲೇ ಹೇಳಿದ್ರು, ಅದರ ಬಗ್ಗೆ ನಂಗೆ ತುಂಬಾ ಗೌರವ ಇದೆ, ಆದ್ರೆ ಅದನ್ನ ಎಲ್ಲರಿಗೂ ಅಳತೆಗೋಲು ಮಾಡೋದು ತಪ್ಪು ಅಂತ ನನ್ನ ಅಭಿಪ್ರಾಯ. ಸಂಜೆ ಆದ್ಮೇಲೆ ನನ್ನ ಕೈಗೆ ಕೀಬೋರ್ಡ್ ಬೇಡವಾಗಿತ್ತು.

ಗಡಿಯಾರ ಬಿಚ್ಚೋಕೆ ಮುಂಚೆ ಒಂದು ವಿಷಯ ತಿಳ್ಕೊಂಡಿರ್ಬೇಕು, ಮುಖ್ಯ ಸ್ಪ್ರಿಂಗಿನ ಬಿಗಿ ನಿಧಾನಕ್ಕೆ ಇಳಿಸದೆ ಬಿಚ್ಚಿದ್ರೆ ಅದು ಒಂದೇ ಸಲ ಬಿಚ್ಕೊಂಡು ಬೆರಳು ಸೀಳತ್ತೆ, ಹಲ್ಲಿನ ಚಕ್ರಾನೂ ಮುರಿಯಬಹುದು. ಎಣ್ಣೆ ಹಾಕೋದಾದ್ರೆ ಚಕ್ರದ ಅಚ್ಚು ಕೂರೋ ತೂತುಗಳಿಗೆ ಚುಕ್ಕಿಯಷ್ಟೇ. ಹಲ್ಲುಗಳಿಗೆ ಹಾಕಲೇಬಾರದು, ಧೂಳು ಅಂಟ್ಕೊಂಡು ಉಜ್ಜೋ ಕಾಗದದ ಥರ ಸವೆಸತ್ತೆ. ಎಲ್ಲಾ ಕ್ಲೀನ್ ಮಾಡಿ ಜೋಡಿಸಿ ಗೋಡೆಗೆ ಹಾಕಿದ್ರೂ ಮೂರು ನಿಮಿಷಕ್ಕೆ ನಿಲ್ತಿತ್ತು. ಕಿವಿಗೊಟ್ಟು ಕೇಳ್ದೆ. ಟಿಕ್‌ನಿಂದ ಟಾಕ್‌ಗೆ ಒಂದು ಅಂತರ, ಟಾಕ್‌ನಿಂದ ಟಿಕ್‌ಗೆ ಇನ್ನೊಂದು ಅಂತರ, ಕುಂಟಿದ ಹಾಗೆ. ಗಡಿಯಾರದ ಕೆಳಭಾಗವನ್ನ ಒಂಚೂರು ಎಡಕ್ಕೆ ಸರಿಸಿದೆ, ಎರಡೂ ಸಮ ಆಯ್ತು, ಗಡಿಯಾರ ನಡೀತು. ಹತ್ತು ಹನ್ನೆರಡು ವರ್ಷದ ಕೆಲಸದಲ್ಲಿ ಒಂದು ಬಗ್‌ನ ಕಾರಣವನ್ನ ಕಿವಿಯಿಂದ ಕೇಳಿದ್ದು ಅದೇ ಮೊದಲು, ಆ ಖುಷಿ ನಂಗಿನ್ನೂ ಹಾಗೇ ಇದೆ.

ಆಮೇಲೆ ಶುರುವಾಗಿದ್ದು ಟೈಮ್ ಹೊಂದಿಸೋ ಕೆಲಸ. ಡಚ್ ವಿಜ್ಞಾನಿ ಹೈಗೆನ್ಸ್ 1656ರಲ್ಲಿ ಪೆಂಡ್ಯುಲಮ್ ಗಡಿಯಾರ ಮಾಡಿದಾಗಿಂದ ಲೆಕ್ಕ ಅದೇ, ಉದ್ದ ಕಮ್ಮಿಯಾದ್ರೆ ಬೇಗ ತೂಗತ್ತೆ, ಜಾಸ್ತಿಯಾದ್ರೆ ನಿಧಾನ. ನನ್ನ ಗಡಿಯಾರದ್ದು ಸುಮಾರು 25 ಸೆಂಟಿಮೀಟರ್, ಅದ್ರಲ್ಲಿ 1 ಮಿಲಿಮೀಟರ್ ವ್ಯತ್ಯಾಸ ಆದ್ರೂ ದಿನಕ್ಕೆ ಹತ್ರ ಹತ್ರ 3 ನಿಮಿಷ ಹೆಚ್ಚುಕಮ್ಮಿ. ಹಾಗಾಗಿ ಪೆಂಡ್ಯುಲಮ್ ತುದಿಯ ಬಿಲ್ಲೆ ಕೆಳಗಿರೋ ಸಣ್ಣ ನಟ್ಟನ್ನ ಕಾಲು ಸುತ್ತು ತಿರುಗಿಸ್ಬೇಕು, ತಿರುಗಿಸಿ ಬಿಡ್ಬೇಕು, ಒಂದು ದಿನ ಪೂರ್ತಿ. ಮಾರನೇ ದಿನ ಅದೇ ಹೊತ್ತಿಗೆ ನೋಡಿ ಎಷ್ಟು ಸೆಕೆಂಡ್ ಹಿಂದೆ, ಎಷ್ಟು ಮುಂದೆ ಅಂತ ಬರ್ಕೋಬೇಕು. ನಾನು ಮೊದಲನೇ ವಾರ ತಾಳ್ಮೆ ಇಲ್ದೆ ಗಂಟೆಗೊಂದ್ಸಲ ತಿರುಗಿಸ್ದೆ, ಗಡಿಯಾರ ನೇರವಾಗಿಲ್ಲ ಅಂತ ಅದನ್ನೂ ಸರಿಸ್ದೆ, ಯಾವುದರಿಂದ ಏನಾಯ್ತು ಅಂತಾನೇ ತಿಳೀಲಿಲ್ಲ. ಆಗ ಆ ರಾತ್ರಿಯ ಕಾಲ್ ನೆನಪಾಯ್ತು. ನಾಲ್ಕು ಜನ ಸೇರಿ ಮಾಡಿದ್ದನ್ನೇ ನಾನೊಬ್ನೇ ಕೂತು ಮಾಡ್ತಿದ್ದೆ.

ಒಂದು ನೋಟ್‌ಬುಕ್ ತಗೊಂಡೆ. ತಾರೀಕು, ಎಷ್ಟು ಸುತ್ತು, ಎಷ್ಟು ಸೆಕೆಂಡ್, ಅಷ್ಟೇ. ಮುಂದೆ ಆಫೀಸ್ ಕೆಲಸಕ್ಕೂ ಅಂಥದೇ ಇನ್ನೊಂದು ಇಟ್ಕೊಂಡೆ. ಸಿಸ್ಟಮ್ ಬಿದ್ದಿರುವಾಗ ಒಂದು ದಿನ ಕಾಯೋಣ ಅಂತ ಯಾರೂ ಹೇಳಕ್ಕಾಗಲ್ಲ, ಮೊದಲು ಹಿಂದಿನ ವರ್ಷನ್‌ಗೆ ವಾಪಸ್ ಹೋಗಿ ಜನರ ಕೆಲಸ ನಡೆಯೋ ಹಾಗೆ ಮಾಡ್ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅದಾದ್ಮೇಲೆ ಒಂದ್ಸಲಕ್ಕೆ ಒಂದೇ ಬದಲಾವಣೆ, ನೋಡು, ಬರಿ, ಆಮೇಲೆ ಮುಂದಿಂದು. ಆ ರಿಪೋರ್ಟಿನ ಸಮಸ್ಯೆ ಕೊನೆಗೆ ಸಿಕ್ಕಿದ್ದೂ ಹಾಗೇನೇ: ಒಂದು ಸರ್ವಿಸ್ ಯುಟಿಸಿಯಲ್ಲಿ ಬರೀತಿತ್ತು, ಇನ್ನೊಂದು ಸರ್ವರ್‌ನ ಲೋಕಲ್ ಟೈಮಲ್ಲಿ ಓದ್ತಿತ್ತು, ತಡವಾಗಿ ಬಂದ ಡೇಟಾ ಇದ್ದ ದಿನ ಮಾತ್ರ ಅದು ಕಾಣ್ತಿತ್ತು. ಸರಿ ಮಾಡಿದ್ದು ಎರಡೇ ಸಾಲು, ಹುಡುಕಿದ್ದು ಹನ್ನೊಂದು ದಿನ. ಹನ್ನೊಂದು ದಿನ ಯಾಕೆ ಬೇಕಾಯ್ತು ಅಂತ ಮೀಟಿಂಗಲ್ಲಿ ಕೇಳಿದಾಗ ನೋಟ್‌ಬುಕ್ ತೆಗೆದು ಓದಿದೆ, ಮತ್ಯಾರೂ ಪ್ರಶ್ನೆ ಕೇಳಲಿಲ್ಲ.

ಈಗ ಗಡಿಯಾರ ದಿನಕ್ಕೆ ಎರಡು ಮೂರು ಸೆಕೆಂಡ್ ಒಳಗೆ ನಡೀತಿದೆ. ಹೋದ ವಾರ ನೋಡಿದ್ರೆ ಒಂದೇ ದಿನಕ್ಕೆ 6 ಸೆಕೆಂಡ್ ಹಿಂದೆ ಬಿದ್ದಿತ್ತು, ಕೈ ತಾನಾಗೇ ನಟ್ಟಿನ ಹತ್ರ ಹೋಯ್ತು. ಪುಟ ತಿರುವಿ ನೋಡ್ದೆ. ಆವತ್ತು ಸೆಖೆ ಜೋರು, ಪೆಂಡ್ಯುಲಮ್‌ನ ಉಕ್ಕಿನ ಕಡ್ಡಿ 10 ಡಿಗ್ರಿ ಬಿಸಿಯಾದ್ರೆ ಹಿಗ್ಗಿ ದಿನಕ್ಕೆ ಸುಮಾರು 5 ಸೆಕೆಂಡ್ ನಿಧಾನ ಆಗತ್ತೆ. ನಟ್ ಮುಟ್ಟದೆ ಸೆಖೆ ಅಂತ ಬರೆದಿಟ್ಟು ಮಲಗ್ದೆ. ಯಾರಿಗಾದ್ರೂ ಪ್ರಶ್ನೆ ಇದ್ರೆ ಕೇಳಿ, ನೋಟ್‌ಬುಕ್ಕೂ ತಂದಿದೀನಿ.