ತೋಟದ ಮನೆಯಲ್ಲಿ ಲ್ಯಾಗ್

ಕೇಳುಗರಿಗೆ ನಮಸ್ಕಾರ.

ಮಕ್ಕಳ ಪರೀಕ್ಷೆ ಮುಗಿದ ಕೂಡಲೇ ನನಗೆ ಬರುವ ಫೋನ್ ಕರೆಗಳ ಧಾಟಿ ಬದಲಾಗುತ್ತದೆ. ಅಲ್ಲಿಯವರೆಗೆ ಪ್ರಿಂಟರ್ ಕೆಟ್ಟಿದೆ, ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ ಎನ್ನುತ್ತಿದ್ದವರು ಏಪ್ರಿಲ್ ಬಂತೆಂದರೆ, "ನೆಟ್ ತುಂಬಾ ಸ್ಲೋ, ಮಗನಿಗೆ ಗೇಮ್ ಆಡೋಕೆ ಆಗ್ತಿಲ್ವಂತೆ, ದೊಡ್ಡ ಪ್ಲಾನ್ ಹಾಕಿಸ್ಬೇಕಂತೆ" ಎನ್ನುತ್ತಾರೆ. 40 ಎಂಬಿಪಿಎಸ್ ಇದ್ದದ್ದು 100 ಆಗುತ್ತದೆ, 100 ಇದ್ದದ್ದು 300 ಆಗುತ್ತದೆ. ತಿಂಗಳ ಬಿಲ್ಲೂ ಅದರ ಜೊತೆಗೇ ಏರುತ್ತದೆ. ಆಟ ಮಾತ್ರ ಮೊದಲಿನ ಹಾಗೇ ನಿಂತು ನಿಂತು ಹೋಗುತ್ತಿರುತ್ತದೆ. ಇದನ್ನೇ ಹುಡುಗರು ಲ್ಯಾಗ್ ಎನ್ನುತ್ತಾರೆ. ದುಡ್ಡು ಕಟ್ಟುವ ಮೊದಲು ತೊಂದರೆ ಎಲ್ಲಿದೆ ಎಂದು ಮನೆಯವರೇ ಹುಡುಕಿಕೊಳ್ಳಬಹುದು. ಇವತ್ತು ಅದನ್ನೇ ಹೇಳುತ್ತೇನೆ.

ಆಟ ಎಂದರೆ ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್, ವ್ಯಾಲರಂಟ್ ಇಂಥವು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಅದಕ್ಕಾಗಿ ನೆಟ್ ಸರಿಮಾಡಿಸುವವರು ದಯವಿಟ್ಟು ನನಗೆ ಫೋನ್ ಮಾಡಬೇಡಿ.

ಈ ಆಟಗಳಿಗೆ ಬೇಕಾಗುವ ವೇಗ ಬಹಳ ಕಡಿಮೆ. ಆಡುತ್ತಿರುವಾಗ ಹೋಗಿ ಬರುವ ಮಾಹಿತಿ ಸಾಮಾನ್ಯವಾಗಿ 1 ಎಂಬಿಪಿಎಸ್ ಕೂಡ ಮುಟ್ಟುವುದಿಲ್ಲ. ಹೊಸ ಅಪ್‌ಡೇಟ್ ಡೌನ್‌ಲೋಡ್ ಮಾಡುವಾಗ ದೊಡ್ಡ ಪ್ಲಾನ್ ಉಪಯೋಗಕ್ಕೆ ಬರುತ್ತದೆ, ನಿಜ. ಆದರೆ ಆಟದ ನಡುವೆ ಬೇಕಾಗಿರುವುದು ಬೇರೆ. ನೀವು ಗುಂಡಿ ಒತ್ತಿದ ಸುದ್ದಿ ಸರ್ವರ್‌ಗೆ, ಅಂದರೆ ಆಟವನ್ನು ನಡೆಸುವ ದೂರದ ಕಂಪ್ಯೂಟರಿಗೆ, ಹೋಗಿ ಉತ್ತರ ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು? ಅದನ್ನು ಮಿಲಿಸೆಕೆಂಡಿನಲ್ಲಿ ಅಳೆಯುತ್ತಾರೆ, ಹುಡುಗರು ಪಿಂಗ್ ಎನ್ನುತ್ತಾರೆ. ಫೆಬ್ರುವರಿಯಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವವರಿಗೆ ಇದು ಗೊತ್ತಿರುವ ವಿಷಯವೇ: ಪೈಪ್ ದಪ್ಪ ಹಾಕಿದರೆ ನೀರು ಜಾಸ್ತಿ ಬರುತ್ತದೆ, ಪಂಪ್ ಹಾಕಿದ ಮೇಲೆ ಮೊದಲ ಹನಿ ಜೆಟ್ ತಲುಪುವ ಹೊತ್ತೇನೂ ಅದರಿಂದ ಕಮ್ಮಿಯಾಗುವುದಿಲ್ಲ.

ಪಿಂಗ್ 50ರ ಒಳಗಿದ್ದರೆ ಚೆನ್ನಾಗಿದೆ. 100ರ ತನಕ ಹೇಗೋ ನಡೆಯುತ್ತದೆ. 150 ದಾಟಿದರೆ ಎದುರಾಳಿ ಗೋಡೆಯ ಹಿಂದೆ ಹೋದ ಮೇಲೂ ನಿಮಗೆ ಮುಂದೆಯೇ ನಿಂತಿರುವಂತೆ ಕಾಣುತ್ತಾನೆ. ಇನ್ನೊಂದು ಮಾತು: ಒಂದೇ ಸಮನೆ 80 ಇರುವ ಲೈನು, 30ರಿಂದ 200ಕ್ಕೆ ಜಿಗಿದು ಮತ್ತೆ 30ಕ್ಕೆ ಇಳಿಯುವ ಲೈನಿಗಿಂತ ಎಷ್ಟೋ ವಾಸಿ. ಸ್ಪೀಡ್ ಟೆಸ್ಟ್‌ನಲ್ಲಿ ಮುಳ್ಳು ಬಲಗಡೆಗೆ ವಾಲಿತೆಂದು ಖುಷಿಪಡುವವರು ಈ ಜಿಗಿತವನ್ನು ನೋಡುವುದೇ ಇಲ್ಲ.

ಈಗ ಪರೀಕ್ಷೆ. ಮನೆಯಲ್ಲಿ ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷಿನಲ್ಲಿ ಪಿಂಗ್ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು ರೂಟರಿನ ನಂಬರ್ ಹಾಕಿ. ಹಲವು ಮನೆಗಳಲ್ಲಿ ಅದು 192.168.1.1, ಇಲ್ಲದಿದ್ದರೆ ರೂಟರಿನ ಹಿಂದಿನ ಚೀಟಿಯಲ್ಲಿ ಬರೆದಿರುತ್ತದೆ. ಆಮೇಲೆ ಅದೇ ರೀತಿ 8.8.8.8 ಹಾಕಿ ನೋಡಿ, ಇದು ಮನೆಯ ಹೊರಗಿರುವ ಗೂಗಲ್ ಸರ್ವರಿನ ನಂಬರ್. ಮೂರನೆಯದು ಆಟದೊಳಗೆ ಪರದೆಯ ಮೂಲೆಯಲ್ಲಿ ಕಾಣುವ ಅಂಕಿ. ರೂಟರ್ ತನಕವೇ ಅಂಕಿ ಜಿಗಿಯುತ್ತಿದ್ದರೆ ತೊಂದರೆ ಮನೆಯೊಳಗಿದೆ. ರೂಟರ್ ತನಕ ಸರಿಯಿದ್ದು 8.8.8.8ಕ್ಕೆ ಕೆಟ್ಟರೆ ಹೊರಗಿನ ಲೈನನ್ನೋ, ಆ ಲೈನನ್ನು ತುಂಬಿಸುತ್ತಿರುವ ಮನೆಯ ಸಾಧನಗಳನ್ನೋ ನೋಡಬೇಕು. ಎರಡೂ ಸರಿಯಿದ್ದು ಆಟದಲ್ಲಿ ಮಾತ್ರ ಪಿಂಗ್ ಏರಿದ್ದರೆ ಸರ್ವರ್ ಕಡೆ ನೋಡಿ. ಲ್ಯಾಪ್‌ಟಾಪ್ ಇಲ್ಲದವರಿಗೆ ಫೋನಿನಲ್ಲೂ ಇದೇ ಕೆಲಸ ಮಾಡುವ ಉಚಿತ ಆ್ಯಪ್‌ಗಳಿವೆ.

ನಾನು ಹೋದ ಮನೆಗಳಲ್ಲಿ ಹೆಚ್ಚಿನ ಕಡೆ ಮೊದಲನೆಯ ಹಂತದಲ್ಲೇ ಕಳ್ಳ ಸಿಕ್ಕಿದ್ದಾನೆ. ಕೊಡಗಿನ ನಾಪೋಕ್ಲು ಕಡೆಯ ಒಂದು ಹಳೆಯ ಮನೆ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಕಟ್ಟೆಯ ಮೇಲೆ ಆರಾಮವಾಗಿ ಕೂರಬಹುದು. ಫೈಬರ್ ಒಳಗೆ ಬಂದದ್ದು ಆಫೀಸ್ ರೂಮಿಗೆ, ಹಾಗಾಗಿ ರೂಟರ್ ಅಲ್ಲೇ, ಕಬ್ಬಿಣದ ಬೀರುವಿನ ಹಿಂದೆ, ಕೂಲಿ ಲೆಕ್ಕದ ಪುಸ್ತಕಗಳ ಪಕ್ಕದಲ್ಲಿ. ಹುಡುಗ ಆಡುವುದು ಮಹಡಿಯ ಇನ್ನೊಂದು ತುದಿಯಲ್ಲಿ. ಅವನ ಮೇಜಿನಿಂದ ರೂಟರಿಗೆ ಪಿಂಗ್ ಮಾಡಿದರೆ 4, 6, 5, ಇದ್ದಕ್ಕಿದ್ದಂತೆ 212, ಮತ್ತೆ 5, ಆಮೇಲೆ 'ರಿಕ್ವೆಸ್ಟ್ ಟೈಮ್ಡ್ ಔಟ್', ಅಂದರೆ ಉತ್ತರವೇ ಬರಲಿಲ್ಲ. ಮನೆ ದಾಟುವ ಮೊದಲೇ ಈ ಗತಿ. ಅವರು ಆಗಲೇ ಎರಡು ಸಲ ಪ್ಲಾನ್ ಏರಿಸಿಯಾಗಿತ್ತು.

ಇದಕ್ಕೆ ಅತ್ಯುತ್ತಮ ಮದ್ದು ವೈರು. ಕ್ಯಾಟ್ 6 ಲ್ಯಾನ್ ಕೇಬಲ್ 100 ಮೀಟರ್ ತನಕ ಕೆಲಸ ಮಾಡುತ್ತದೆ, ನಮ್ಮ ಎಷ್ಟು ದೊಡ್ಡ ಮನೆಗೂ ಅದು ಸಾಕು. ವೈರು ಹಾಕಿದ ಮೇಲೆ ರೂಟರ್ ತನಕದ ಪಿಂಗ್ 1 ಮಿಲಿಸೆಕೆಂಡಿನ ಆಸುಪಾಸಿಗೆ ಬಂದು ಅಲ್ಲೇ ನಿಲ್ಲುತ್ತದೆ. ಆ ಹುಡುಗ ಮುಖ ಸಿಂಡರಿಸಿ, "ಅಂಕಲ್, ವೈರ್ ಹಾಕಿದ್ರೆ ಸೈಬರ್ ಸೆಂಟರ್ ಥರ ಕಾಣುತ್ತೆ" ಎಂದ. ಕಾಣಲಿ ಬಿಡು ಮಾರಾಯ ಎಂದೆ.

ಫೋನಿನಲ್ಲಿ ಆಡುವವರಿಗೆ ವೈರಿನ ದಾರಿ ಸುಲಭವಲ್ಲ. ಅವರು ಮೊದಲು ರೂಟರನ್ನು ಬೀರು, ಟಿವಿ, ಫ್ರಿಜ್ ಇವುಗಳ ಮರೆಯಿಂದ ಬಿಡಿಸಿ ಎತ್ತರದಲ್ಲಿ ಇಡಲಿ. ವೈಫೈ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಬರುತ್ತದೆ. 2.4 ಗಿಗಾಹರ್ಟ್ಸ್‌ನದ್ದು ದೂರ ಹೋಗುತ್ತದೆ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟುತ್ತದೆ, ಆದರೆ ಮೈಕ್ರೋವೇವ್ ಓವನ್, ಬ್ಲೂಟೂತ್ ಎಲ್ಲದರ ಜೊತೆ ತಿಕ್ಕಾಡುತ್ತದೆ. 5 ಗಿಗಾಹರ್ಟ್ಸ್‌ನದ್ದು ಚುರುಕು, ಗೋಡೆ ಅಡ್ಡ ಬಂದರೆ ಮಾತ್ರ ಸೋಲುತ್ತದೆ. ರೂಟರ್ ಇರುವ ಕೋಣೆಯಲ್ಲೇ ಆಡುವುದಾದರೆ 5 ಆರಿಸಿಕೊಳ್ಳಿ. ಮಹಡಿಗೆ ಬೇಕೇ ಬೇಕು ಎಂದಾದರೆ ಕೆಳಗಿನಿಂದ ಲ್ಯಾನ್ ವೈರ್ ಎಳೆದು ಅಲ್ಲೊಂದು ಆ್ಯಕ್ಸೆಸ್ ಪಾಯಿಂಟ್, ಅಂದರೆ ವೈರಿನಲ್ಲಿ ಬಂದ ನೆಟ್ಟನ್ನು ವೈಫೈ ಮಾಡಿ ಹರಡುವ ಡಬ್ಬಿ, ಇಡಿಸಿ. ವೈಫೈಯನ್ನೇ ಹಿಡಿದು ಮತ್ತೆ ಹರಡುವ, ಪ್ಲಗ್‌ಗೆ ಚುಚ್ಚುವ ಅಗ್ಗದ ರಿಪೀಟರ್ ಬೇಡ. ಅದು ಸಿಗ್ನಲ್ ಕಡ್ಡಿಗಳನ್ನು ಪೂರ್ತಿ ತೋರಿಸುತ್ತದೆ, ಜೊತೆಗೆ ಪಿಂಗನ್ನೂ ಏರಿಸುತ್ತದೆ.

ರೂಟರಿನ ಚಾನೆಲ್, ಅಂದರೆ ವೈಫೈ ಓಡಾಡುವ ಓಣಿ, ಬದಲಾಯಿಸಿ ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಪೇಟೆಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುವಲ್ಲಿ ಅದು ಸರಿಯೇ. 2.4ರಲ್ಲಿ 1, 6, 11 ಈ ಮೂರು ಚಾನೆಲ್‌ಗಳಲ್ಲಿ ಖಾಲಿ ಇರುವುದನ್ನು ಹಿಡಿಯಬೇಕು. ಪಕ್ಕದ ಮನೆಗೆ ಹೋಗಲು ಜೀಪು ಬೇಕಾಗುವ ತೋಟದಲ್ಲಿ ಯಾವ ಚಾನೆಲ್ ಇದ್ದರೇನು!

ಇನ್ನು ಮನೆಯೊಳಗಿನ ಎರಡನೆಯ ಕಳ್ಳ. ಇವನನ್ನು ಹಿಡಿಯುವುದು ಕಷ್ಟ, ಏಕೆಂದರೆ ಇಡೀ ದಿನ ಸುಮ್ಮನಿದ್ದು ಸಂಜೆ ಮಾತ್ರ ಬರುತ್ತಾನೆ. ಕೊಯ್ಲಿನ ಸಮಯದಲ್ಲಿ ಕಾಫಿ ಕಣಕ್ಕೆ ಸಿಸಿಟಿವಿ ಹಾಕದ ತೋಟ ಈಗ ಕಡಿಮೆ. ಆ ಕ್ಯಾಮೆರಾಗಳಲ್ಲಿ ಕೆಲವು ವಿಡಿಯೋವನ್ನು ಕ್ಲೌಡ್‌ಗೆ ಕಳಿಸುತ್ತವೆ, ಅದರಲ್ಲೂ ಏನಾದರೂ ಅಲುಗಾಡಿದಾಗ. ಸಂಜೆ ಹಣ್ಣು ಅಳೆಯುವ ಗಡಿಬಿಡಿ, ನಾಯಿ, ದೀಪದ ಸುತ್ತ ಹುಳ, ಎಲ್ಲವೂ ಅಲುಗಾಟವೇ. ಅಪ್‌ಲೋಡ್ ದಾರಿ ಪೂರ್ತಿ ತುಂಬಿಬಿಡುತ್ತದೆ. ಆಗ ರೂಟರ್ ಹೆಚ್ಚಾದ ಮಾಹಿತಿಯನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ, ಆಟದ ಪುಟ್ಟ ಸಂದೇಶವೂ ಅದೇ ಸಾಲಿನ ಕೊನೆಗೆ ಸೇರುತ್ತದೆ. ಇದನ್ನು ಬಫರ್‌ಬ್ಲೋಟ್ ಎನ್ನುತ್ತಾರೆ. ಅನುಮಾನ ಬಂದರೆ ಹೀಗೆ ಪರೀಕ್ಷಿಸಿ: ನಂಬರಿನ ಮುಂದೆ ಸ್ಪೇಸ್ ಬಿಟ್ಟು -t ಸೇರಿಸಿ, 8.8.8.8ಕ್ಕೆ ಪಿಂಗ್ ನಿಲ್ಲದೆ ಓಡುತ್ತಿರುವಾಗಲೇ ಇನ್ನೊಂದು ಫೋನಿನಿಂದ ದೊಡ್ಡ ವಿಡಿಯೋ ಒಂದನ್ನು ಕಳಿಸಿ. 35 ಇದ್ದದ್ದು 300 ಆದರೆ ಇದೇ ಕಾರಣ.

ಕ್ಯಾಮೆರಾ ರೆಕಾರ್ಡಿಂಗನ್ನು ಮೆಮೊರಿ ಕಾರ್ಡಿಗೋ ಮನೆಯಲ್ಲೇ ಇರುವ ರೆಕಾರ್ಡರಿಗೋ ತಿರುಗಿಸಿ. ಫೋನುಗಳ ಫೋಟೋ ಬ್ಯಾಕಪ್ ನಡುರಾತ್ರಿಗೆ ಇಡಿ. ರೂಟರಿನ ಸೆಟ್ಟಿಂಗ್‌ನಲ್ಲಿ ಈ ಸಾಲನ್ನು ನಿಭಾಯಿಸುವ ಕ್ಯೂಒಎಸ್ ಅಥವಾ ಎಸ್‌ಕ್ಯೂಎಂ ಎಂಬುದಿದ್ದರೆ ಅದನ್ನು ಆನ್ ಮಾಡಿ, ವೇಗದ ಮಿತಿಯನ್ನು ನಿಜವಾಗಿ ಸಿಗುವುದರ ಶೇಕಡಾ 85ರಿಂದ 90ಕ್ಕೆ ನಿಲ್ಲಿಸಿ. ಉಳಿದಷ್ಟು ವೇಗ ಬಿಟ್ಟುಕೊಟ್ಟರೆ ಸಾಲು ಬೆಳೆಯುವುದೇ ಇಲ್ಲ. ಹೋಂಸ್ಟೇ ನಡೆಸುವವರಿಗೆ ಕಣದ ಕ್ಯಾಮೆರಾ ಇಲ್ಲದಿದ್ದರೂ ಶನಿವಾರದ ಅತಿಥಿಗಳಿದ್ದಾರೆ. ಅಬ್ಬಿ ಫಾಲ್ಸ್ ನೋಡಿ ಬಂದವರು ಅಷ್ಟೂ ವಿಡಿಯೋ ಒಟ್ಟಿಗೇ ಅಪ್‌ಲೋಡ್ ಮಾಡಲು ಕೂರುತ್ತಾರೆ. ಅವರಿಗೆ ಬೇರೆ ಗೆಸ್ಟ್ ವೈಫೈ ಮಾಡಿ ಅದರ ವೇಗಕ್ಕೆ ಮಿತಿ ಹಾಕಿ. ಮನೆಯ ಪಾಸ್‌ವರ್ಡನ್ನು ಊಟದ ಕೋಣೆಯ ಗೋಡೆಗೆ ಅಂಟಿಸಬೇಡಿ.

ಹೊರಗಿನ ಲೈನಿಗೆ ಬರೋಣ. ನಮ್ಮಲ್ಲಿ ಮಳೆ ಬಂದರೆ ನೆಟ್ ಸ್ಲೋ ಎಂಬ ಮಾತಿದೆ. ಫೈಬರಿನೊಳಗೆ ಓಡುವುದು ಬೆಳಕು, ಮಳೆಯಿಂದ ಅದಕ್ಕೇನೂ ಆಗುವುದಿಲ್ಲ. ಆಗುವುದೆಲ್ಲ ಕಂಬದ ಮೇಲೆ. ಸಿಲ್ವರ್ ಓಕ್ ಕೊಂಬೆ ಬಿದ್ದು ಕೇಬಲ್ ಜೋತುಬೀಳುತ್ತದೆ, ಜಾಯಿಂಟ್ ಡಬ್ಬಿಗೆ ನೀರು ಇಳಿಯುತ್ತದೆ, ಮಂಗಗಳು ಜೋಕಾಲಿ ಆಡುತ್ತವೆ. ಮನೆಯೊಳಗೂ ಕೆಲವರು ಆ ತೆಳು ಕೇಬಲನ್ನು ಕಿಟಕಿ ಬಾಗಿಲಿನ ಸಂದಿಯಲ್ಲಿ ಸಿಕ್ಕಿಸಿ ಮುಚ್ಚಿರುತ್ತಾರೆ. ಕೇಬಲ್ ಚೂಪಾಗಿ ಬಾಗಿದಲ್ಲಿ ಬೆಳಕು ಸೋರುತ್ತದೆ. ಫೈಬರ್ ಡಬ್ಬಿಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಮಿನುಗಿದರೆ ಬೆಳಕು ಬರುತ್ತಲೇ ಇಲ್ಲವೆಂದು ಅರ್ಥ. ಅರೆಬರೆ ಬರುತ್ತಿದ್ದರೆ ದೀಪ ಹಸಿರಾಗಿಯೇ ಇದ್ದು ನೆಟ್ ಆಗಾಗ ಕೈಕೊಡುತ್ತದೆ. ಆಗ ರಿಪೇರಿಗೆ ಬಂದವರಿಗೆ ಆಪ್ಟಿಕಲ್ ಪವರ್, ಅಂದರೆ ಬರುತ್ತಿರುವ ಬೆಳಕಿನ ಬಲ, ಅಳೆಯಲು ಹೇಳಿ. ಮೀಟರಿನಲ್ಲಿ ಮೈನಸ್ 20 ಡಿಬಿಎಂ ಹತ್ತಿರ ಇದ್ದರೆ ನೆಮ್ಮದಿ. ಮೈನಸ್ 27ರ ಹತ್ತಿರ ಹೋದರೆ ಜಾಯಿಂಟ್ ಹೊಸದಾಗಿ ಮಾಡಿಸಲೇಬೇಕು. ಅಳೆಯದೆ ರೂಟರ್ ಆಫ್ ಮಾಡಿ ಆನ್ ಮಾಡಿ ಹೊರಟವರನ್ನು ಒಂದು ಲೋಟ ಕಾಫಿ ಕೊಟ್ಟಾದರೂ ಕೂರಿಸಿಕೊಳ್ಳಿ.

ಫೈಬರ್ ಇನ್ನೂ ತಲುಪದ ಕಡೆಗಳಲ್ಲಿ ಟವರೇ ಗತಿ. ಅಲ್ಲಿ ಸಿಮ್ ಹಾಕುವ ರೂಟರನ್ನು ಟವರ್ ಇರುವ ದಿಕ್ಕಿನ ಕಿಟಕಿಯಲ್ಲಿ, ಆದಷ್ಟು ಮೇಲೆ ಇಡಿ. ಜಿಂಕ್ ಶೀಟಿನ ಮಾಡಿನ ಕೆಳಗೆ ಬೇಡ. ಸಿಗ್ನಲ್ ಕಡ್ಡಿ ಎಣಿಸುವ ಬದಲು ಪ್ರತಿ ಜಾಗದಲ್ಲಿ ಪಿಂಗ್ ನೋಡಿ ಜಾಗ ಗೊತ್ತುಮಾಡಿ. ಸಂಜೆ 8ರ ಮೇಲೆ ಊರೆಲ್ಲ ಅದೇ ಟವರಿಗೆ ಅಂಟಿಕೊಂಡಿರುತ್ತದೆ, ಅದಕ್ಕೆ ನನ್ನ ಬಳಿ ಮದ್ದಿಲ್ಲ. ಬೆಳಿಗ್ಗೆ ಆಡಿ.

ಸರ್ವರ್ ಎಷ್ಟು ದೂರ ಎಂಬುದೂ ಮುಖ್ಯ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಪ್ರತಿ 1000 ಕಿಲೋಮೀಟರ್ ದೂರಕ್ಕೆ ಹೋಗಿ ಬರಲು 10 ಮಿಲಿಸೆಕೆಂಡ್. ವ್ಯಾಲರಂಟ್‌ಗೆ ಮುಂಬೈಯಲ್ಲೇ ಸರ್ವರ್ ಇದೆ, ನೇರ ಗೆರೆ ಎಳೆದರೆ ಮಡಿಕೇರಿಯಿಂದ ಸುಮಾರು 800 ಕಿಲೋಮೀಟರ್. ಸಿಂಗಾಪುರ 3000 ದಾಟುತ್ತದೆ. ಕೇಬಲ್ ನೇರ ಗೆರೆಯಲ್ಲಿ ಹೋಗುವುದಿಲ್ಲ, ಹಾಗಾಗಿ ನಿಜದ ಪಿಂಗ್ ಇನ್ನೂ ಜಾಸ್ತಿ. ದುಬೈಯಲ್ಲಿರುವ ಚಿಕ್ಕಪ್ಪನ ಮಗನ ಜೊತೆ ಆಡಲೆಂದು ಅಲ್ಲಿಯ ಸರ್ವರ್ ಆರಿಸಿಕೊಂಡು, ಆಮೇಲೆ ಅದನ್ನು ಮರೆತವರನ್ನು ನೋಡಿದ್ದೇನೆ. ಆಟದ ಸೆಟ್ಟಿಂಗ್‌ನಲ್ಲಿ ಒಮ್ಮೆ ನೋಡಿಬಿಡಿ.

ಇನ್ನು ಕೆಲವರು ಹೇಳುವ ಮದ್ದುಗಳು. ಡಿಎನ್‌ಎಸ್, ಅಂದರೆ ವೆಬ್‌ಸೈಟಿನ ಹೆಸರಿನಿಂದ ಅದರ ನಂಬರ್ ಹುಡುಕಿಕೊಡುವ ಸೇವೆ, ಬದಲಾಯಿಸುವುದರಿಂದ ವೆಬ್ ಪುಟ ಬೇಗ ತೆರೆದೀತು, ಆಟದ ನಡುವಿನ ಪಿಂಗ್ ಇಳಿಯದು. ಗೇಮ್ ಬೂಸ್ಟರ್ ಎಂಬ ಆ್ಯಪ್‌ಗಳಿಂದ ಲೈನಿಗೆ ಏನೂ ಆಗುವುದಿಲ್ಲ, ಜಾಹೀರಾತು ಮಾತ್ರ ಬರುತ್ತದೆ.

ಕರೆಂಟ್ ಹೋಗಿ ಬಂದಾಗಲೆಲ್ಲ ರೂಟರ್ ಪುನಃ ಎದ್ದು ಕೂರಲು ಒಂದೆರಡು ನಿಮಿಷ ಬೇಕು, ಅಷ್ಟರಲ್ಲಿ ಮ್ಯಾಚ್ ಮುಗಿದಿರುತ್ತದೆ. 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ಫೈಬರ್ ಡಬ್ಬಿ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಅದರಿಂದಲೇ ಕರೆಂಟ್ ಕೊಡಿ. ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ನೋಡಿಯೇ ಕೊಂಡುಕೊಳ್ಳಿ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಯುಪಿಎಸ್ ರಕ್ಷಣೆಯಲ್ಲ. ಮಿಂಚು ಹತ್ತಿರ ಬಂತೆಂದರೆ ಪ್ಲಗ್ ಕಿತ್ತಿಡಿ, ರೂಟರಿನಿಂದ ಲ್ಯಾನ್ ವೈರನ್ನೂ ಬಿಡಿಸಿ. ತಾಮ್ರದ ವೈರಿನಲ್ಲಿ ಮಿಂಚು ಬರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ರೂಟರ್ ತನಕ ಸರಿಯಿದ್ದು ಹೊರಗೆ ಕೆಟ್ಟಿದ್ದರೆ ಕಂಪನಿಗೆ ದೂರು ಕೊಡಿ. "ನೆಟ್ ಸ್ಲೋ" ಎಂದಷ್ಟೇ ಹೇಳಬೇಡಿ. ಯಾವ ದಿನ, ಎಷ್ಟು ಗಂಟೆಗೆ, ರೂಟರಿಗೆ ಎಷ್ಟು, 8.8.8.8ಕ್ಕೆ ಎಷ್ಟು ಎಂದು ಬರೆದಿಟ್ಟು, ಸ್ಕ್ರೀನ್‌ಶಾಟ್ ಸಮೇತ ಕೊಡಿ. ಡಾಕೆಟ್ ನಂಬರ್, ಅಂದರೆ ನಿಮ್ಮ ದೂರಿನ ಸಂಖ್ಯೆ, ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಪರಿಹಾರ ಸಿಗದಿದ್ದರೆ ಅದೇ ನಂಬರ್ ಹಿಡಿದು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಅದರ ವಿಳಾಸ ಕಂಪನಿಯ ವೆಬ್‌ಸೈಟಿನಲ್ಲಿ ಇರುತ್ತದೆ. ನಮಸ್ಕಾರ.