ಎಂಜಿನ್ನೇ ಬೆನ್ನೆಲುಬಾದ ಕಾರು: ಲೋಟಸ್ 49ರ ಮಾಡೆಲ್ ಕಟ್ಟಿದ ಬಗೆ

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರಿನ ರೇಸ್ ಸಿಮ್ಯುಲೇಶನ್ ಆಟಕ್ಕೆ ಹಳೆಯ ರೇಸ್ ಕಾರಿನ 3ಡಿ ಮಾಡೆಲ್ ಮಾಡುವವರು ಸಾಮಾನ್ಯವಾಗಿ ಹೊರಮೈಯಿಂದ ಶುರು ಮಾಡುತ್ತಾರೆ. ಮೂಗು, ಪಕ್ಕದ ಉಬ್ಬು, ಬಣ್ಣ, ಆಮೇಲೆ ಒಳಗಿನದು. ನಾನೂ ಹಾಗೇ ಮಾಡುತ್ತಿದ್ದೆ. ಲೋಟಸ್ 49 ಎಂಬ ಫಾರ್ಮುಲಾ ಒನ್ ಕಾರನ್ನು ಕೈಗೆತ್ತಿಕೊಂಡ ಮೇಲೆ ಆ ರೂಢಿ ಬಿಟ್ಟೆ.

ಈ ಕಾರು ಮೊದಲ ಸಲ ರೇಸಿಗಿಳಿದದ್ದು 1967ರ ಜೂನ್ 4ರಂದು, ನೆದರ್‌ಲ್ಯಾಂಡ್ಸ್‌ನ ಝಾಂಡ್‌ವೋರ್ಟ್‌ನಲ್ಲಿ. ಲೋಟಸ್ ಚಾಲಕರಲ್ಲಿ ಗ್ರಹಾಂ ಹಿಲ್ ಪೋಲ್, ಅಂದರೆ ಎಲ್ಲರಿಗಿಂತ ಮುಂದಿನಿಂದ ಹೊರಡುವ ಜಾಗ, ಪಡೆದರು, ಜಿಮ್ ಕ್ಲಾರ್ಕ್ ರೇಸ್ ಗೆದ್ದರು. ಕಾಸ್‌ವರ್ತ್ ಕಂಪನಿಯ ಕೀತ್ ಡಕ್‌ವರ್ತ್ ರೂಪಿಸಿದ ಡಿಎಫ್‌ವಿ ಎಂಬ ಎಂಜಿನ್‌ಗೂ ಅದೇ ಮೊದಲ ರೇಸ್. ಮೂರು ಲೀಟರ್, ಎಂಟು ಸಿಲಿಂಡರ್, ಸುಮಾರು 400 ಅಶ್ವಶಕ್ತಿ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಎಂಜಿನ್ನನ್ನು ಕೂರಿಸಿದ ರೀತಿ. ಲೋಟಸ್‌ನ ವಿನ್ಯಾಸಕರಾದ ಕಾಲಿನ್ ಚಾಪ್‌ಮನ್ ಮತ್ತು ಮಾರಿಸ್ ಫಿಲಿಪ್ ಕಾರಿನ ಅಲ್ಯೂಮಿನಿಯಂ ಮೈಯನ್ನು ಚಾಲಕನ ಬೆನ್ನ ಹಿಂದೆಯೇ ಮುಗಿಸಿಬಿಟ್ಟರು. ಅಲ್ಲಿಂದಾಚೆ ಚೌಕಟ್ಟೇ ಇಲ್ಲ. ಎಂಜಿನ್ನನ್ನು ನೇರವಾಗಿ ಆ ಮೈಗೆ ಬೋಲ್ಟ್ ಮಾಡಿದರು. ಹಿಂದಿನ ಚಕ್ರಗಳು ತರುವ ಒತ್ತಡ ಬಹುಪಾಲು ಎಂಜಿನ್ನಿನ ಮೂಲಕವೇ ಮುಂದಕ್ಕೆ ಹೋಗಬೇಕು.

ಅಂದರೆ ಈ ಕಾರಿನಲ್ಲಿ ಎಂಜಿನ್ ಸುಮ್ನೆ ತುಂಬಿಸಿಟ್ಟ ವಸ್ತುವಲ್ಲ, ಅದೇ ಬೆನ್ನೆಲುಬು. ಜೊತೆಗೆ ಅದು ಪೂರ್ತಿ ಬಯಲಲ್ಲಿದೆ. ಗಾಳಿ ಎಳೆಯುವ ಎಂಟು ತುತ್ತೂರಿಗಳು, ಇಂಧನದ ಕೊಳವೆಗಳು, ಒಂದೊಂದು ಕಡೆಯಲ್ಲೂ ಹೆಣೆದುಕೊಂಡು ಒಂದಾಗುವ ಎಕ್ಸಾಸ್ಟ್ ಕೊಳವೆಗಳು, ಎಲ್ಲವೂ ಕಾಣುತ್ತದೆ. ಹಾಗಾಗಿ ನಾನು ಎಂಜಿನ್ನಿಂದಲೇ ಶುರು ಮಾಡಿದೆ. ಅದನ್ನು ಮೈಗೆ ಹಿಡಿದಿಡುವ ಭಾಗಗಳಲ್ಲಿ, ಮೇಲುಗಡೆ, ತೆಳುವಾದ ಲೋಹದ ತಟ್ಟೆಗಳಿವೆ. ಅಷ್ಟು ಭಾರಕ್ಕೆ ಇಷ್ಟು ತೆಳು ತಟ್ಟೆಯೇ ಅಂತ ಅನಿಸಿತು. ಕಾರಣ ಇದೆ. ಕಾದಾಗ ಎಂಜಿನ್ ಹಿಗ್ಗುತ್ತದೆ, ಆ ತಟ್ಟೆ ಬಾಗಿಕೊಂಡು ಜಾಗ ಕೊಡುತ್ತದೆ. ಕಾರಣ ಗೊತ್ತಾದ ಮೇಲೆ ಅದನ್ನು ದಪ್ಪ ಮಾಡಿ ಚಿತ್ರಿಸಲು ನನಗೆ ಕೈ ಬರಲಿಲ್ಲ.

ಅಳತೆಯ ವಿಷಯಕ್ಕೆ ಬರೋಣ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 2,413 ಮಿಲಿಮೀಟರ್. ಚಕ್ರದ ರಿಮ್ 15 ಇಂಚು. ಈ ಎರಡು ಗೊತ್ತಿದ್ದರೆ ಪಕ್ಕದಿಂದ ತೆಗೆದ ಫೋಟೋ ಒಂದು ಅಳತೆಪಟ್ಟಿಯಾಗುತ್ತದೆ. ಆದಷ್ಟು ದೂರದಿಂದ ತೆಗೆದ ಫೋಟೋ ಆರಿಸಿ. ಹತ್ತಿರದಿಂದ ತೆಗೆದರೆ ಕ್ಯಾಮೆರಾ ಕಡೆಯ ಚಕ್ರ ದೊಡ್ಡದಾಗಿ ಕಂಡು ಲೆಕ್ಕವೆಲ್ಲ ಕೆಡುತ್ತದೆ. ಇನ್ನೊಂದು ಮಾತು. ಇವತ್ತು ಓಡಿಸುತ್ತಿರುವ ಹಳೆಯ ಕಾರುಗಳ ಫೋಟೋ ನೋಡಿ ಮಾಡಬೇಡಿ. ಅವುಗಳಲ್ಲಿ ಸೀಟ್ ಬೆಲ್ಟ್, ಎತ್ತರಿಸಿದ ರಕ್ಷಣಾ ಕಮಾನು ಎಲ್ಲ ಆಮೇಲೆ ಸೇರಿರಬಹುದು. 49ರಲ್ಲೇ 1968ರಿಂದ ರೆಕ್ಕೆಗಳು ಬಂದವು, ಬಣ್ಣವೂ ಬದಲಾಯಿತು. ಆದ್ದರಿಂದ ಒಂದು ದಿನ, ಒಂದು ಕಾರು ಅಂತ ಗಟ್ಟಿ ಮಾಡಿಕೊಳ್ಳಿ. ನನ್ನದು ಝಾಂಡ್‌ವೋರ್ಟ್‌ನಲ್ಲಿ ಕ್ಲಾರ್ಕ್ ಓಡಿಸಿದ 5ನೇ ನಂಬರಿನ ಕಾರು. ಕಡು ಹಸಿರು ಮೈ, ನಡುವೆ ಹಳದಿ ಪಟ್ಟಿ, ರೆಕ್ಕೆ ಇಲ್ಲ.

ತಂತ್ರಾಂಶದಲ್ಲಿ ಅರ್ಧ ಕಾರು ಮಾಡಿ ಮಿರರ್ ಒತ್ತಿದರೆ ಇನ್ನರ್ಧ ಬಂದುಬಿಡುತ್ತದೆ, ಅಲ್ವಾ? ಮೊದಲಿಗೆ ಅದು ಸರಿ. ಆದರೆ ಇವು ಕೈಯಲ್ಲಿ ತಗಡು ಬಗ್ಗಿಸಿ ರಿವೆಟ್ ಹೊಡೆದು ಮಾಡಿದ ಕಾರುಗಳು. ಕೊನೆಯಲ್ಲಿ ಮಿರರ್ ಬಿಡಿಸಿ, ಒಂದು ಅಂಚನ್ನು ಕೂದಲೆಳೆಯಷ್ಟು ಸರಿಸಿ, ರಿವೆಟ್ ಸಾಲನ್ನು ತುಸು ಅಲುಗಿಸಿದಾಗಲೇ ಬೆಳಕು ಅದರ ಮೇಲೆ ನಿಜವಾಗಿ ಬೀಳುತ್ತದೆ. ಸಾವಿರ ರಿವೆಟ್‌ಗಳನ್ನು ಮೆಶ್‌ನಲ್ಲಿ, ಅಂದರೆ ಮಾಡೆಲಿನ ಆಕಾರದ ಜಾಲದಲ್ಲಿ, ಕಟ್ಟಬೇಕಿಲ್ಲ. ಚಪ್ಪಟೆ ಮೈಯಲ್ಲೂ ಉಬ್ಬು ಇದ್ದಂತೆ ತೋರಿಸುವ ಚಿತ್ರ, ನಾರ್ಮಲ್ ಮ್ಯಾಪ್, ಸಾಕು. ಹೀಗೆ ಉಳಿಸಿದ ಪಾಲಿಗನ್‌ಗಳನ್ನು, ಅಂದರೆ ಆ ಜಾಲದ ಪುಟ್ಟ ಮುಖಗಳನ್ನು, ತುತ್ತೂರಿಗಳ ದುಂಡಗಿನ ಬಾಯಿಗೆ, ಟೈರ್‌ಗಳಿಗೆ, ಚಾಲಕನ ಕಣ್ಣೆದುರಿನ ಮೀಟರ್‌ಗಳಿಗೆ ಕೊಡಿ.

ನಾನು ಜಾಸ್ತಿ ದಿನ ಒದ್ದಾಡಿದ್ದು ಮುಂದಿನ ಸಸ್ಪೆನ್ಶನ್‌ನಲ್ಲಿ. ಚಕ್ರವನ್ನು ಹಿಡಿದಿರುವ ಮೇಲಿನ ತೋಳು ಏತದ ಹಾಗೆ ಕೆಲಸ ಮಾಡುತ್ತದೆ. ಚಕ್ರ ಮೇಲೆದ್ದರೆ ಅದರ ಒಳತುದಿ ಕೆಳಗಿಳಿದು, ಮೈಯೊಳಗೆ ಅಡಗಿರುವ ಸ್ಪ್ರಿಂಗ್ ಒತ್ತುತ್ತದೆ. ನಿಂತ ಕಾರಿನಲ್ಲಿ ನನ್ನ ತೋಳು ತುಂಬ ಚೆನ್ನಾಗಿತ್ತು. ಟ್ರ್ಯಾಕಿಗಿಳಿಸಿ ಮೊದಲ ಉಬ್ಬು ಹತ್ತಿಸಿದೆ ನೋಡಿ, ತೋಳು ತಗಡನ್ನು ಸೀಳಿಕೊಂಡು ಹೊರಬಂತು! ಕಾರು ಹೇಗೆ ಚಲಿಸಬೇಕೆಂದು ಆಟಕ್ಕೆ ಹೇಳುವ ಫಿಸಿಕ್ಸ್ ಫೈಲಿನಲ್ಲಿ ಬರೆದ ತಿರುಗುಬಿಂದು ಒಂದು ಕಡೆ, ಚಿತ್ರದಲ್ಲಿ ಇಟ್ಟದ್ದು ಇನ್ನೊಂದು ಕಡೆ ಇತ್ತು. ಚಕ್ರ ಮುಚ್ಚಿರುವ ಕಾರಾದರೆ ಯಾರಿಗೂ ಕಾಣುತ್ತಿರಲಿಲ್ಲ. ಇಲ್ಲಿ ಚಾಲಕನ ಕಣ್ಣೆದುರೇ ಆ ತೋಳು ಆಡುತ್ತಿರುತ್ತದೆ. ಎರಡೂ ಕಡೆ ಒಂದೇ ಅಂಕಿ ಇರುವಂತೆ ಮುಂದಿನ ಭಾಗವನ್ನೇ ಮತ್ತೆ ಕಟ್ಟಿದೆ.

ಟೈರ್ ಬಗ್ಗೆ ಒಂದೇ ಮಾತು. ಒಳಗಿನ ದಾರಗಳು ಓರೆಯಾಗಿ ಹೆಣೆದಿರುವ ಆ ಕಾಲದ ಬಯಾಸ್ ಪ್ಲೈ ಟೈರ್, ದಾರಗಳು ಅಡ್ಡಕ್ಕೆ ನೇರವಾಗಿರುವ ಇವತ್ತಿನ ರೇಡಿಯಲ್‌ಗಿಂತ ಹೆಚ್ಚು ಜಾರುಕೋನದಲ್ಲಿ (ಚಕ್ರ ಮುಖ ಮಾಡಿದ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ನಡುವಿನ ಕೋನ) ಪೂರ್ತಿ ಹಿಡಿತ ಕೊಡುತ್ತದೆ, ಮೆಲ್ಲಗೆ ಬಿಡುತ್ತದೆ. ಇವತ್ತಿನ ಅಂಕಿ ಹಾಕಿದರೆ ತಿರುವಿನಲ್ಲಿ ಕಾರು ಅಡ್ಡಡ್ಡ ತೇಲುವ ಆ ಚೆಲುವೇ ಹೋಗುತ್ತದೆ.

ಈಗ ಪರದೆಯ ಮೇಲೆ ಮಾಡೆಲ್ ತೆರೆಯುತ್ತೇನೆ. ಬಣ್ಣ ಹಾಕಿದ ಹೊರಮೈ ತೆಗೆದಿಟ್ಟಿದ್ದೇನೆ. ಚಾಲಕನ ಸೀಟಿನ ಹಿಂದೆ, ಮೇಲುಗಡೆ ನೋಡಿ. ಆ ತೆಳು ತಟ್ಟೆ ಅಲ್ಲೇ ಇದೆ.